ದೀಪದ ಕೆಳಗಿನ ಹಸಿರು: ಹಳೆಯ ಕಟ್ಟಡಗಳ ಗೋಡೆಯ ಬ್ಯಾಕ್ಟೀರಿಯಾ ಸಮುದಾಯಗಳ ಮೇಲೆ ಬೆಳಕಿನ ಪ್ರಭಾವವನ್ನು ಅಧ್ಯಯನ ಮಾಡುವ ಸಮಗ್ರ ಮಾರ್ಗದರ್ಶಿ

ಸಕಲೇಶಪುರದ ಕಡೆಯ ಒಂದು ಹಳೆಯ ತೊಟ್ಟಿಮನೆಯ ಪಡಸಾಲೆಯಲ್ಲಿ, ಗೋಡೆಯ ಎಲ್‌ಇಡಿ ದೀಪದ ಕೆಳಗೆ, ಅಂಗೈಯಗಲದ ಒಂದು ಹಸಿರು ಕಲೆ ಇತ್ತು. ಮನೆಯವರು ಪ್ರತಿ ಯುಗಾದಿಗೆ ಅದರ ಮೇಲೆ ಸುಣ್ಣ ಬಳಿಯುತ್ತಿದ್ದರು. ಗೌರಿ ಹಬ್ಬದ ಹೊತ್ತಿಗೆ ಅದು ಅದೇ ಜಾಗದಲ್ಲಿ, ಅದೇ ಆಕಾರದಲ್ಲಿ ಮತ್ತೆ ಮೂಡುತ್ತಿತ್ತು. "ಎಷ್ಟು ಸಲ ಬಳಿದರೂ ದೀಪದ ಬುಡಕ್ಕೇ ಬರ್ತದೆ ನೋಡಿ ಮೇಷ್ಟ್ರೇ" ಎಂದು ಆ ಮನೆಯ ಅಜ್ಜಿ ತೋರಿಸಿದಾಗ, ಹತ್ತು ಪಟ್ಟು ಹಿಗ್ಗಿಸುವ ಕೈಮಸೂರದಿಂದ ಅದನ್ನು ನೋಡಿದೆ. ಹೊರಗಿನಿಂದ ಒಂದೇ ಬಣ್ಣದಂತೆ ಕಂಡದ್ದು ಒಳಗೆ ಮೂರು ಬಗೆಯಾಗಿತ್ತು: ದೀಪಕ್ಕೆ ಹತ್ತಿರದಲ್ಲಿ ಒಣಗಿ ಸೀಳಿದ ಕಪ್ಪು ಹಕ್ಕಳೆ, ನಡುವೆ ಲೋಳೆಯಂತೆ ಮಿನುಗುವ ನೀಲಿಮಿಶ್ರಿತ ಹಸಿರು, ಅಂಚಿನಲ್ಲಿ ಗಾರೆಯ ಸಣ್ಣ ಕುಳಿಗಳೊಳಗೆ ಮಾತ್ರ ಕುಳಿತ ಎಳೆಹಸಿರು ಚುಕ್ಕೆಗಳು. ನಾವು ಸಾರಾಸಗಟಾಗಿ ಪಾಚಿ ಎನ್ನುವುದರಲ್ಲಿ ನಿಜವಾದ ಪಾಚಿಯ ಜೊತೆಗೆ, ಬೆಳಕಿನಿಂದ ಆಹಾರ ತಯಾರಿಸುವ ಸಯನೊಬ್ಯಾಕ್ಟೀರಿಯಾಗಳೂ, ಅವು ಸ್ರವಿಸುವ ಸಕ್ಕರೆಯನ್ನು ತಿಂದು ಬದುಕುವ ಹತ್ತಾರು ಬಗೆಯ ಇತರ ಬ್ಯಾಕ್ಟೀರಿಯಾಗಳೂ ಒಂದೇ ಲೋಳೆಪೊರೆಯಲ್ಲಿ ಸಂಸಾರ ಹೂಡಿರುತ್ತವೆ.

ಹಾಸನ ಮತ್ತು ಚಿಕ್ಕಮಗಳೂರು ಜಿಲ್ಲೆಗಳ ಕಾಲೇಜುಗಳಲ್ಲಿ ಸೂಕ್ಷ್ಮಜೀವಿಶಾಸ್ತ್ರ ಅಥವಾ ಸಸ್ಯಶಾಸ್ತ್ರ ಓದುತ್ತ, ಇಂತಹ ಗೋಡೆಯ ಮೇಲೆ ಒಂದು ಕಿರು ಸಂಶೋಧನೆ ಮಾಡಬೇಕೆಂದಿರುವವರಿಗಾಗಿ ಈ ಮಾರ್ಗದರ್ಶಿಯನ್ನು ಬರೆಯುತ್ತಿದ್ದೇನೆ. ಇದರ ತಿರುಳು ಒಂದೇ: ನಮ್ಮ ಮಲೆನಾಡಿನಲ್ಲಿ ನೀರು ಬೆಳಕಿನ ವೇಷ ಹಾಕಿಕೊಂಡು ಬರುತ್ತದೆ. ಬೆಳಕಿರುವ ಜಾಗ ಹಲವು ಸಲ ಮಳೆ ಎರಚುವ ಜಾಗವೂ ಆಗಿರುತ್ತದೆ. ಕತ್ತಲೆಯ ಜಾಗ ಹಲವು ಸಲ ಒಣಗದ ಜಾಗವಾಗಿರುತ್ತದೆ. ಇವೆರಡನ್ನು ಬೇರ್ಪಡಿಸದೆ ಮಾಡಿದ ಅಧ್ಯಯನ ಎಷ್ಟೇ ದುಬಾರಿ ಡಿಎನ್ಎ ಪರೀಕ್ಷೆಯನ್ನು ಒಳಗೊಂಡಿದ್ದರೂ ಬೆಳಕಿನ ಬಗ್ಗೆ ಏನನ್ನೂ ಹೇಳಲಾರದು.

ಪ್ರಶ್ನೆಯನ್ನು ಚಿಕ್ಕದು ಮಾಡಿಕೊಳ್ಳುವುದು

"ಬೆಳಕು ಗೋಡೆಯ ಬ್ಯಾಕ್ಟೀರಿಯಾಗಳ ಮೇಲೆ ಹೇಗೆ ಪ್ರಭಾವ ಬೀರುತ್ತದೆ" ಎಂಬುದು ಪ್ರಶ್ನೆಯಲ್ಲ, ಒಂದು ಕ್ಷೇತ್ರ. ಬೆಳಕಿನಲ್ಲಿ ಕನಿಷ್ಠ ಮೂರು ಸಂಗತಿಗಳಿವೆ: ಎಷ್ಟು ತೀವ್ರ, ದಿನಕ್ಕೆ ಎಷ್ಟು ಗಂಟೆ, ಯಾವ ಬಣ್ಣ. ಇವುಗಳಲ್ಲಿ ಒಂದನ್ನು ಆರಿಸಿಕೊಂಡು, ಉಳಿದೆರಡನ್ನು ಸಾಧ್ಯವಾದಷ್ಟು ಸಮನಾಗಿಡಬೇಕು. ಮೊದಲ ಸಲ ಮಾಡುವವರಿಗೆ ನನ್ನ ಸಲಹೆಯೆಂದರೆ, "ದೀಪ ಬೀಳುವ ಗೋಡೆಯ ತುಂಡಿನಲ್ಲಿಯೂ, ಅದೇ ಗೋಡೆಯ ಅದೇ ಎತ್ತರದ, ಅಷ್ಟೇ ತೇವದ, ದೀಪ ಬೀಳದ ತುಂಡಿನಲ್ಲಿಯೂ ಇರುವ ಸಮುದಾಯಗಳು ಬೇರೆ ಬೇರೆಯೇ" ಎಂಬ ಒಂದೇ ಪ್ರಶ್ನೆಯನ್ನು ಹಿಡಿದುಕೊಳ್ಳುವುದು. ಬಣ್ಣದ ಪ್ರಶ್ನೆಯನ್ನು ಗೋಡೆಯ ಮೇಲೆ ಅಲ್ಲ, ಪ್ರಯೋಗಾಲಯದ ಪೆಟ್ಟಿಗೆಯಲ್ಲಿ ಕೇಳಬೇಕು. ಅದರ ವಿವರ ಮುಂದೆ ಬರುತ್ತದೆ.

ಈ ಪ್ರಶ್ನೆ ಕೇವಲ ಕುತೂಹಲದ್ದಲ್ಲ. ಫ್ರಾನ್ಸಿನ ಲಾಸ್ಕೋ ಗುಹೆ 1940ರಲ್ಲಿ ಪತ್ತೆಯಾಗಿ, 1948ರಲ್ಲಿ ಸಾರ್ವಜನಿಕರಿಗೆ ತೆರೆದು, 1963ರಲ್ಲಿ ಮುಚ್ಚಬೇಕಾಗಿ ಬಂದದ್ದಕ್ಕೆ, ಜನಸಂದಣಿಯ ಉಸಿರಿನ ಜೊತೆಗೆ ವಿದ್ಯುದ್ದೀಪಗಳ ಬೆಳಕಿನಲ್ಲಿ ಹಬ್ಬಿದ ಹಸಿರು ಬೆಳವಣಿಗೆಯೂ ಕಾರಣವಾಗಿತ್ತು. ನಮ್ಮಲ್ಲಿಯೂ ಹಳೆಯ ಕಟ್ಟಡಗಳಿಗೆ ಅಲಂಕಾರದ ದೀಪ ಹಾಕುವ ಉತ್ಸಾಹ ಹೆಚ್ಚುತ್ತಿರುವಾಗ, ಯಾವ ದೀಪ ಎಷ್ಟು ಹೊತ್ತು ಉರಿದರೆ ಏನಾಗುತ್ತದೆ ಎಂಬುದನ್ನು ನಮ್ಮದೇ ಗೋಡೆ, ನಮ್ಮದೇ ಮಳೆಯಲ್ಲಿ ತಿಳಿದುಕೊಳ್ಳುವುದು ಅಗತ್ಯ.

ಯಾವ ಕಟ್ಟಡ, ಯಾರ ಅನುಮತಿ

ಹಾಸನದವರಿಗೆ ಮೊದಲು ನೆನಪಾಗುವುದು ಬೇಲೂರು, ಹಳೇಬೀಡು. 1117ರಲ್ಲಿ ಪ್ರತಿಷ್ಠಾಪನೆಯಾದ ಬೇಲೂರಿನ ಚೆನ್ನಕೇಶವ ದೇವಾಲಯದ ಒಳಗಿನ ಬೆಳಕು ಮೂಲದಲ್ಲಿ ಹೀಗಿರಲಿಲ್ಲ. ನವರಂಗವನ್ನು ಮುಚ್ಚಿರುವ ಜಾಲಂಧ್ರಗಳು, ಅಂದರೆ ರಂಧ್ರಗಳಿರುವ ಕಲ್ಲಿನ ಪರದೆಗಳು, ಮುಂದೆ ಹೊಯ್ಸಳ ದೊರೆ ವೀರಬಲ್ಲಾಳನ ಕಾಲದಲ್ಲಿ ಸೇರಿದವು. ಆದ್ದರಿಂದ ಗೋಡೆಯ ಬೆಳಕು ಬದಲಾಗುವುದು ವಿದ್ಯುತ್ ಬಂದ ಮೇಲಿನ ಕಥೆಯಷ್ಟೇ ಅಲ್ಲ. ಆದರೆ ಈ ದೇವಾಲಯಗಳ ಗೋಡೆಗೆ ಸ್ವಾಬ್ (ಮಾದರಿ ತೆಗೆಯುವ, ತುದಿಗೆ ಹತ್ತಿ ಇರುವ ಕಡ್ಡಿ) ತಾಗಿಸುವ ಆಲೋಚನೆಯನ್ನು ಆರಂಭದಲ್ಲಿಯೇ ಬಿಟ್ಟುಬಿಡಿ. 2023ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದ ಈ ತಾಣಗಳು 1958ರ ಪ್ರಾಚೀನ ಸ್ಮಾರಕಗಳ ಕಾಯ್ದೆಯಡಿ ಭಾರತೀಯ ಪುರಾತತ್ವ ಸರ್ವೇಕ್ಷಣ ಇಲಾಖೆಯ ರಕ್ಷಣೆಯಲ್ಲಿವೆ. ಇಲಾಖೆಯ ಅನುಮತಿ ಇಲ್ಲದೆ ಮಾದರಿ ತೆಗೆಯುವಂತಿಲ್ಲ. ಅನುಮತಿ ಬಂದರೂ ಬಳಪದ ಕಲ್ಲಿನ ನವಿರು ಕೆತ್ತನೆ ಹೊಸಬರು ಕೈ ಪಳಗಿಸಿಕೊಳ್ಳುವ ಜಾಗವಲ್ಲ. ರಾಜ್ಯ ಪುರಾತತ್ವ ಇಲಾಖೆಯ ರಕ್ಷಣೆಯಲ್ಲಿರುವ ಕಟ್ಟಡಗಳಿಗೂ ಇದೇ ಮಾತು ಅನ್ವಯಿಸುತ್ತದೆ. ಅಲ್ಲಿ ಮುಟ್ಟದೆ ಮಾಡಬಹುದಾದ ಕೆಲಸವೂ ಇದೆ: ಇಲಾಖೆಯವರನ್ನು ಕೇಳಿಕೊಂಡು ಫೋಟೊ ತೆಗೆಯುವುದು, ಬೆಳಕನ್ನು ಅಳೆಯುವುದು, ಋತುವಿನಿಂದ ಋತುವಿಗೆ ಬಣ್ಣದ ಬದಲಾವಣೆ ಗುರುತಿಸುವುದು.

ಕಲಿಯಲು ನಮ್ಮ ತೊಟ್ಟಿಮನೆಗಳೇ ಉತ್ತಮ. ಚಿಕ್ಕಮಗಳೂರು, ಮೂಡಿಗೆರೆ, ಸಕಲೇಶಪುರದ ಕಡೆ ನೂರು ವರ್ಷ ದಾಟಿದ ಮನೆಗಳು, ತೋಟದ ಹಳೆಯ ಬಂಗಲೆಗಳು, ಸುಣ್ಣ ಗಾರೆಯ ಉಗ್ರಾಣಗಳು ಇನ್ನೂ ಉಳಿದಿವೆ. ತೊಟ್ಟಿಮನೆಯಲ್ಲಿ ಬೆಳಕು ತಾನಾಗಿಯೇ ಮೆಟ್ಟಿಲು ಮೆಟ್ಟಿಲಾಗಿ ಇಳಿಯುತ್ತದೆ: ತೊಟ್ಟಿಯ ಅಂಚಿನಲ್ಲಿ ಬಯಲ ಬೆಳಕು, ಪಡಸಾಲೆಯಲ್ಲಿ ಮಂದ, ನಡುಮನೆಯಲ್ಲಿ ಮಬ್ಬು, ದೇವರ ಕೋಣೆಯಲ್ಲಿ ದೀಪದ್ದಷ್ಟೇ. ಮನೆಯ ಯಜಮಾನರಿಂದ ಬರವಣಿಗೆಯಲ್ಲಿ ಒಪ್ಪಿಗೆ ಪಡೆಯಿರಿ. ಯಾವ ಗೋಡೆ, ಎಷ್ಟು ಸಲ, ಏನು ಮಾಡುತ್ತೀರಿ ಎಂಬುದನ್ನು ಅವರಿಗೆ ಅರ್ಥವಾಗುವಂತೆ ಮೊದಲೇ ಹೇಳಿರಿ. ಎಲ್ಲಕ್ಕಿಂತ ಮುಖ್ಯವಾಗಿ, ಅಧ್ಯಯನ ಮುಗಿಯುವವರೆಗೆ ಆ ತುಂಡುಗಳಿಗೆ ಸುಣ್ಣ ಬಳಿಯಬಾರದೆಂದು ಕೇಳಿಕೊಳ್ಳಿ. ಹೊಸ ಸುಣ್ಣದ ಕ್ಷಾರತೆ ಪಿಎಚ್ 12ರ ಮೇಲಿರುತ್ತದೆ. ಗಾಳಿಯ ಇಂಗಾಲದ ಡೈಆಕ್ಸೈಡನ್ನು ಹೀರಿ ಸುಣ್ಣದ ಕಲ್ಲಾಗಿ ಗಟ್ಟಿಯಾಗುವವರೆಗೆ ಅದರ ಮೇಲೆ ಹೆಚ್ಚಿನವು ಬೆಳೆಯಲಾರವು. ಕೊನೆಯ ಸಲ ಸುಣ್ಣ ಬಳಿದದ್ದು ಯಾವಾಗ, ದೀಪ ಹಾಕಿಸಿದ್ದು ಯಾವಾಗ ಎಂಬ ಎರಡು ಪ್ರಶ್ನೆಗಳನ್ನು ಕೇಳದೆ ಯಾವ ಗೋಡೆಯನ್ನೂ ಆರಿಸಬೇಡಿ.

ಬೆಳಕನ್ನು ಬ್ಯಾಕ್ಟೀರಿಯಾದ ಕಣ್ಣಿನಿಂದ ಅಳೆಯುವುದು

ಅಂಗಡಿಯಲ್ಲಿ ಸಿಗುವ ಲಕ್ಸ್ ಮೀಟರ್ ಮನುಷ್ಯರ ಕಣ್ಣಿಗಾಗಿ ಮಾಡಿದ ಸಾಧನ. ನಮ್ಮ ಕಣ್ಣು 555 ನ್ಯಾನೋಮೀಟರಿನ ಹಸಿರಿಗೆ ಅತಿ ಸೂಕ್ಷ್ಮ. ಮೀಟರೂ ಹಸಿರನ್ನು ಹೆಚ್ಚಾಗಿ, ನೀಲಿ ಕೆಂಪುಗಳನ್ನು ಕಡಿಮೆಯಾಗಿ ಎಣಿಸುತ್ತದೆ. ದ್ಯುತಿಸಂಶ್ಲೇಷಣೆ ಮಾಡುವ ಜೀವಿಯ ಲೆಕ್ಕ ಬೇರೆ. ಕ್ಲೋರೊಫಿಲ್-ಎ ಹೀರುವುದು ಮುಖ್ಯವಾಗಿ ನೀಲಿಯನ್ನು ಮತ್ತು ಕೆಂಪನ್ನು; ಸಯನೊಬ್ಯಾಕ್ಟೀರಿಯಾದ ಫೈಕೊಸಯನಿನ್ 620 ನ್ಯಾನೋಮೀಟರಿನ ಆಸುಪಾಸಿನ ಕಿತ್ತಳೆಬಣ್ಣವನ್ನು, ಕೆಲವು ಬಗೆಗಳಲ್ಲಿರುವ ಫೈಕೊಎರಿತ್ರಿನ್ 560ರ ಆಸುಪಾಸಿನ ಹಸಿರನ್ನು ಹೀರುತ್ತದೆ. ಆದ್ದರಿಂದ 400ರಿಂದ 700 ನ್ಯಾನೋಮೀಟರಿನ ನಡುವಿನ ಫೋಟಾನುಗಳನ್ನು ಎಣಿಸುವ ಕ್ವಾಂಟಮ್ ಮೀಟರ್ ಬೇಕು. ಕೃಷಿ ಅಥವಾ ಸಸ್ಯಶರೀರಶಾಸ್ತ್ರದ ವಿಭಾಗಗಳಲ್ಲಿ ಅದು ಸಿಗಬಹುದು; ಎರವಲು ಕೇಳಲು ಸಂಕೋಚಪಡಬೇಡಿ.

ಸಿಗದಿದ್ದರೆ ಲಕ್ಸಿನಿಂದ ಅಂದಾಜು ಮಾಡಬಹುದು. ಬಿಸಿಲಿಗೆ ಸುಮಾರು 54 ಲಕ್ಸ್ ಎಂದರೆ ಚದರ ಮೀಟರಿಗೆ ಸೆಕೆಂಡಿಗೆ 1 ಮೈಕ್ರೊಮೋಲ್ ಫೋಟಾನು. ಬಿಳಿ ಎಲ್‌ಇಡಿಗೆ ಈ ಭಾಜಕ ದೀಪದಿಂದ ದೀಪಕ್ಕೆ ಬದಲಾಗುತ್ತದೆ, 70 ಎಂದು ಹಿಡಿದು ಅದು ಅಂದಾಜೆಂದು ವರದಿಯಲ್ಲಿ ಸ್ಪಷ್ಟವಾಗಿ ಬರೆಯಿರಿ. ಒಂದು ಲೆಕ್ಕ ನೋಡೋಣ: ಗೋಡೆಯ ಮೇಲೆ 500 ಲಕ್ಸ್ ಬೀಳಿಸುವ ಎಲ್‌ಇಡಿ ಸುಮಾರು 7 ಮೈಕ್ರೊಮೋಲ್ ಕೊಡುತ್ತದೆ, ಅದು ದಿನಕ್ಕೆ 10 ಗಂಟೆ, ಅಂದರೆ 36,000 ಸೆಕೆಂಡು ಉರಿದರೆ, ಚದರ ಮೀಟರಿಗೆ ದಿನಕ್ಕೆ ಸುಮಾರು 0.25 ಮೋಲ್ ಆಯಿತು. ತೀವ್ರತೆಯ ಒಂದು ಕ್ಷಣದ ಅಳತೆಗಿಂತ ಈ ದಿನದ ಮೊತ್ತವೇ ಹೆಚ್ಚು ಅರ್ಥಪೂರ್ಣ, ಏಕೆಂದರೆ ಮಂದ ದೀಪವೊಂದು ರಾತ್ರಿಯಿಡೀ ಉರಿದು ಪ್ರಖರ ದೀಪದ ಒಂದು ಗಂಟೆಯನ್ನು ಮೀರಿಸಬಲ್ಲದು.

ಅಳೆಯುವಾಗ ಸಂವೇದಕವನ್ನು ದೀಪದ ಕಡೆಗೆ ತಿರುಗಿಸಬಾರದು. ಬೆನ್ನನ್ನು ಗೋಡೆಗೆ ಒತ್ತಿ, ಮುಖವನ್ನು ಕೋಣೆಯ ಕಡೆಗೆ ಇಟ್ಟು ಹಿಡಿಯಬೇಕು. ಗೋಡೆಯ ಮೇಲಿನ ಜೀವಿಗೆ ಸಿಗುವುದು ಅಷ್ಟೇ ಬೆಳಕು. ದೀಪದ ಸುತ್ತ ಹತ್ತು ಸೆಂಟಿಮೀಟರಿನ ಚೌಕಳಿ ಹಾಕಿಕೊಂಡು ಪ್ರತಿ ಚೌಕದ ಅಳತೆ ಬರೆದರೆ ಬೆಳಕಿನ ನಕ್ಷೆ ಸಿದ್ಧ. ಇದನ್ನು ರಾತ್ರಿ ದೀಪದಲ್ಲಿ ಒಮ್ಮೆ, ಹಗಲು ದೀಪವಾರಿಸಿ ಮೂರು ಹೊತ್ತು ಮಾಡಬೇಕು. ನಮ್ಮ ಅಕ್ಷಾಂಶದ ಒಂದು ವಿಶೇಷವನ್ನು ಮರೆಯಬೇಡಿ: ಹಾಸನ, ಚಿಕ್ಕಮಗಳೂರುಗಳು ಸುಮಾರು 13 ಡಿಗ್ರಿ ಉತ್ತರದಲ್ಲಿರುವುದರಿಂದ, ಏಪ್ರಿಲ್ ಕೊನೆಯಿಂದ ಆಗಸ್ಟ್ ಮಧ್ಯದವರೆಗೆ ನಡುಹಗಲಿನ ಸೂರ್ಯ ನೆತ್ತಿಯಿಂದ ಉತ್ತರಕ್ಕಿರುತ್ತಾನೆ. ಉಳಿದ ತಿಂಗಳು ನೆರಳಿನಲ್ಲಿರುವ ಉತ್ತರಾಭಿಮುಖ ಗೋಡೆಗೆ ಆಗ ನಡುಹಗಲಿನ ಬಿಸಿಲು ತಾಗುತ್ತದೆ. ಜನವರಿಯಲ್ಲಿ ಅಳೆದು "ನೆರಳಿನ ಗೋಡೆ" ಎಂದು ಬರೆದರೆ ತಪ್ಪಾಗುತ್ತದೆ.

ನೀರಿನ ನಕ್ಷೆ

ನನ್ನ ಮೊದಲ ಅಧ್ಯಯನ ಕೆಟ್ಟದ್ದು ಇಲ್ಲಿಯೇ. ಅಜ್ಜಿ ತೋರಿಸಿದ ಆ ದೀಪದ ಸುತ್ತ 24 ಸ್ವಾಬ್, ಅದೇ ಗೋಡೆಯ ಕತ್ತಲೆ ಮೂಲೆಯಿಂದ 24 ಸ್ವಾಬ್ ತೆಗೆದು, ಎರಡು ಗುಂಪುಗಳ ನಡುವೆ ದೊಡ್ಡ ವ್ಯತ್ಯಾಸ ಕಂಡು, ಬೆಳಕಿನ ಪರಿಣಾಮವೆಂದು ಬರೆದಿಟ್ಟಿದ್ದೆ. ಮುಂದಿನ ವರ್ಷ ದೀಪ ಬದಲಾಯಿಸಲು ಅದರ ಪಟ್ಟಿ ಬಿಚ್ಚಿದಾಗ, ವೈರು ಇಳಿದು ಬಂದ ಪೈಪಿನ ಬಾಯಲ್ಲಿ ನೀರಿನ ಹನಿ ನಿಂತಿತ್ತು. ಮೇಲೆ ಒಡೆದ ಹಂಚಿನ ಕೆಳಗೆ ಪೈಪು ತೆರೆದುಕೊಂಡಿತ್ತು. ಮಳೆಗಾಲವೆಲ್ಲ ಅದು ಹನಿಹನಿಯಾಗಿ ದೀಪದ ಬೆನ್ನಿಗೇ ನೀರು ತಂದು ಸುರಿದಿತ್ತು. ಆ 48 ಮಾದರಿಗಳು ಹೇಳುತ್ತಿದ್ದದ್ದು ಬೆಳಕಿನ ಕಥೆಯೋ ಪೈಪಿನ ಕಥೆಯೋ ಎಂದು ಬೇರ್ಪಡಿಸಲು ಯಾವ ದಾರಿಯೂ ಉಳಿದಿರಲಿಲ್ಲ. ಒಂದು ವರ್ಷದ ಕೆಲಸವನ್ನು ಕೈಬಿಟ್ಟೆ.

ಆದ್ದರಿಂದ ಸ್ವಾಬ್ ಕೊಳ್ಳುವ ಮೊದಲು ತೇವಾಂಶದ ಮೀಟರ್ ಹಿಡಿಯಿರಿ. ಗೋಡೆಗೆ ಸೂಜಿ ಚುಚ್ಚದ, ಮೇಲಿಂದ ಒತ್ತಿ ಓದುವ ಬಗೆಯನ್ನೇ ಬಳಸಿ. ಈ ಮೀಟರುಗಳ ಅಂಕಿಯನ್ನು ನೀರಿನ ಶೇಕಡಾವಾರು ಎಂದು ನಂಬಬಾರದು. ಬಿಳಿಯಾಗಿ ಉಪ್ಪು ಹೂತ ಗೋಡೆಯಲ್ಲಿ ಅವು ಇದ್ದದ್ದಕ್ಕಿಂತ ಹೆಚ್ಚು ತೋರಿಸುತ್ತವೆ. ಆದರೆ ಒಂದೇ ಗಾರೆಯ ಒಂದೇ ಗೋಡೆಯಲ್ಲಿ ಈ ಜಾಗ ಆ ಜಾಗಕ್ಕಿಂತ ಒದ್ದೆಯೇ ಎಂದು ಹೋಲಿಸಲು ಅವು ಸಾಕು. ಬುನಾದಿಯಿಂದ ಏರುವ ತೇವ, ಹಂಚಿನಂಚಿನಿಂದ ಎರಚುವ ನೀರು, ಚಾವಣಿಯಿಂದ ಇಳಿಯುವ ಸೋರಿಕೆ, ಈ ಮೂರೂ ಬೇರೆ ಬೇರೆ ಎತ್ತರದಲ್ಲಿ ಕಾಣುತ್ತವೆ. ಏಪ್ರಿಲಿನಲ್ಲಿ ಒಮ್ಮೆ, ಜುಲೈಯಲ್ಲಿ ಒಮ್ಮೆ, ನವೆಂಬರಿನಲ್ಲಿ ಒಮ್ಮೆ ನಕ್ಷೆ ತೆಗೆಯಿರಿ. ಗಂಟೆಗೊಮ್ಮೆ ಗಾಳಿಯ ತೇವ ಮತ್ತು ಶಾಖ ಬರೆದಿಡುವ ಚಿಕ್ಕ ಲಾಗರುಗಳನ್ನು ದೀಪದ ಕೆಳಗೊಂದು, ಕತ್ತಲೆಯಲ್ಲೊಂದು ತೂಗುಹಾಕಿ. ದೀಪ ಹ್ಯಾಲೊಜನ್ ಅಥವಾ ಹಳೆಯ ತಂತುದೀಪವಾಗಿದ್ದರೆ ಅದರ ಶಾಖವೇ ಗೋಡೆಯನ್ನು ಒಣಗಿಸುತ್ತದೆ. ಹಾಗಾಗಿ ಗೋಡೆಯ ಮೈಯ ಶಾಖವನ್ನು ಇನ್ಫ್ರಾರೆಡ್ ಉಷ್ಣಮಾಪಕದಿಂದ, ದೀಪ ಹಚ್ಚುವ ಮುನ್ನ ಮತ್ತು ಹಚ್ಚಿದ ಎರಡು ಗಂಟೆಯ ಮೇಲೆ ಅಳೆಯಿರಿ.

ಎಷ್ಟು ಮಾದರಿ ಬೇಕು

ನನ್ನ ಆ ಅಧ್ಯಯನದಲ್ಲಿ ಪೈಪು ಇಲ್ಲದಿದ್ದರೂ ಇನ್ನೊಂದು ತಪ್ಪು ಇದ್ದೇ ಇತ್ತು. ಒಂದು ದೀಪದ ಸುತ್ತ 24 ಸ್ವಾಬ್ ತೆಗೆದರೆ 24 ಮಾದರಿ ಆಗುವುದಿಲ್ಲ, ಒಂದೇ ಆಗುತ್ತದೆ. ಒಂದು ಕೊಡದ ಹಾಲಿನಿಂದ 24 ಲೋಟ ತುಂಬಿ ರುಚಿ ನೋಡಿದವನು 24 ಹಸುಗಳ ಬಗ್ಗೆ ಮಾತನಾಡುವಂತಿಲ್ಲ. ಇಲ್ಲಿ ಎಣಿಕೆಯ ಘಟಕ ದೀಪ, ಸ್ವಾಬ್ ಅಲ್ಲ.

ಆದ್ದರಿಂದ ಜೋಡಿಗಳನ್ನು ಕಟ್ಟಿಕೊಳ್ಳಿ. ಪ್ರತಿ ದೀಪಕ್ಕೆ ಒಂದು ಬೆಳಕಿನ ತುಂಡು ಮತ್ತು ಅದೇ ಗೋಡೆಯಲ್ಲಿ, ಅದೇ ಎತ್ತರದಲ್ಲಿ, ಅದೇ ಗಾರೆಯಲ್ಲಿ, ತೇವದ ಅಂಕಿ ಹತ್ತಿರವಿರುವ ಒಂದು ಕತ್ತಲೆಯ ತುಂಡು. ಕೊನೆಯಲ್ಲಿ ಸಮುದಾಯಗಳನ್ನು ಹೋಲಿಸುವ ಪರೀಕ್ಷೆ ಪ್ರತಿ ಜೋಡಿಯೊಳಗೆ "ಬೆಳಕು", "ಕತ್ತಲೆ" ಎಂಬ ಹೆಸರುಪಟ್ಟಿಗಳನ್ನು ಅದಲುಬದಲು ಮಾಡಿ, ಕಂಡ ವ್ಯತ್ಯಾಸ ಆಕಸ್ಮಿಕವಾಗಿಯೂ ಬರಬಹುದೇ ಎಂದು ನೋಡುವ ಬಗೆಯದ್ದು. ಐದು ಜೋಡಿಗಳಿದ್ದರೆ ಅದಲುಬದಲಿನ ದಾರಿಗಳು 32. ಎಲ್ಲವನ್ನೂ ಒಟ್ಟಿಗೆ ತಿರುಗಿಸಿದರೂ ಫಲ ಅದೇ ಆಗುವುದರಿಂದ, ಸಿಗಬಹುದಾದ ಅತಿ ಚಿಕ್ಕ ಸಂಭಾವ್ಯತೆ 2/32, ಅಂದರೆ 0.0625. ವ್ಯತ್ಯಾಸ ಎಷ್ಟೇ ದೊಡ್ಡದಿದ್ದರೂ ರೂಢಿಯ 0.05ರ ಗೆರೆಯನ್ನು ಐದು ಜೋಡಿಗಳು ಎಂದೂ ದಾಟಲಾರವು. ಆರು ಜೋಡಿಗಳಾದರೆ 2/64, ಅಂದರೆ ಸುಮಾರು 0.03. ಆರು ಕನಿಷ್ಠ; ಎಂಟು ಹತ್ತು ಸಿಕ್ಕರೆ ಒಳ್ಳೆಯದು. ಒಂದೇ ಮನೆಯಲ್ಲಿ ಅಷ್ಟು ದೀಪಗಳಿಲ್ಲದಿದ್ದರೆ ಎರಡು ಮೂರು ಮನೆಗಳನ್ನು ಸೇರಿಸಿಕೊಳ್ಳಿ. ದುಡ್ಡು ಕಡಿಮೆಯಿದ್ದರೆ ಪ್ರತಿ ತುಂಡಿನ ಸ್ವಾಬುಗಳನ್ನು ಕಡಿಮೆ ಮಾಡಿ, ದೀಪಗಳ ಸಂಖ್ಯೆಯನ್ನು ಕಡಿಮೆ ಮಾಡಬೇಡಿ.

ಮನೆಯವರು ಒಪ್ಪಿದರೆ ಕೆಲವು ದೀಪಗಳನ್ನು ಒಂದು ಮಳೆಗಾಲವಿಡೀ ಆರಿಸಿಡುವುದು ಇನ್ನೂ ಬಲವಾದ ದಾರಿ. ಯಾವ ದೀಪ ಆರಬೇಕೆಂಬುದನ್ನು ಚೀಟಿ ಎತ್ತಿ ನಿರ್ಧರಿಸಿ. ನಿಮ್ಮ ಕಣ್ಣಿಗೆ ಅನುಕೂಲವಾದದ್ದನ್ನು ಆರಿಸಬೇಡಿ.

ಮಾದರಿ ತೆಗೆಯುವುದು

ಹಿಂದಿನ ದಿನವೇ ಸಾಮಾನು ಕಟ್ಟಿಕೊಳ್ಳಿ: ಮೊಹರು ಮಾಡಿದ ಕ್ರಿಮಿರಹಿತ ಸ್ವಾಬುಗಳು, ಎರಡು ಮಿಲಿಲೀಟರಿನ ಟ್ಯೂಬುಗಳು, 0.15 ಮೋಲಾರ್ ಉಪ್ಪಿನ ದ್ರಾವಣಕ್ಕೆ 0.1 ಶೇಕಡ ಟ್ವೀನ್-20 ಬೆರೆಸಿ ಆಟೊಕ್ಲೇವ್ ಮಾಡಿದ ದ್ರವ, ಕೈಗವಸು, ಮಾಸ್ಕ್, 70 ಶೇಕಡ ಆಲ್ಕೊಹಾಲು, ಮಂಜುಗಡ್ಡೆ ತುಂಬಿದ ಥರ್ಮಾಕೋಲ್ ಪೆಟ್ಟಿಗೆ. ಐದು ಸೆಂಟಿಮೀಟರ್ ಚೌಕದ ಕಿಟಕಿ ಕತ್ತರಿಸಿದ ಚೌಕಟ್ಟು ಬೇಕು. ಹಳೆಯ ಎಕ್ಸ್‌-ರೇ ಹಾಳೆ ಇದಕ್ಕೆ ಹೇಳಿ ಮಾಡಿಸಿದಂತಿದೆ, ಗೋಡೆಯ ಉಬ್ಬುತಗ್ಗಿಗೆ ಬಾಗುತ್ತದೆ, ಆಲ್ಕೊಹಾಲಿನಲ್ಲಿ ಒರೆಸಬಹುದು. ಬಾವಲಿ ಹಿಕ್ಕೆ ಬಿದ್ದಿರುವ ಅಟ್ಟ ಅಥವಾ ಪಾಳು ಕೋಣೆಗೆ ಎನ್95 ಮಾಸ್ಕಿಲ್ಲದೆ ಹೋಗಬೇಡಿ.

ಮೊದಲು ಅಳತೆಪಟ್ಟಿ ಮತ್ತು ಬಣ್ಣದ ಕಾರ್ಡು ಇಟ್ಟು ಫೋಟೊ. ಅನಂತರ ಚೌಕಟ್ಟನ್ನು ಗೋಡೆಗೆ ಅಂಟಿಸದೆ ಕೈಯಿಂದ ಒತ್ತಿ ಹಿಡಿಯಿರಿ. ಅಂಟುಪಟ್ಟಿ ತೆಗೆಯುವಾಗ ಹಳೆಯ ಸುಣ್ಣದ ಪದರ ಎದ್ದು ಬರುತ್ತದೆ. ಸ್ವಾಬನ್ನು ದ್ರವದಲ್ಲಿ ಅದ್ದಿ, ಟ್ಯೂಬಿನ ಬಾಯಿಗೆ ಒತ್ತಿ ಹೆಚ್ಚಿನ ನೀರನ್ನು ಹಿಂಡಿ. ಮೇಲಿನಿಂದ ಕೆಳಕ್ಕೆ ಹತ್ತು ಗೆರೆ, ಎಡದಿಂದ ಬಲಕ್ಕೆ ಹತ್ತು ಗೆರೆ, ಓರೆಯಾಗಿ ಹತ್ತು ಗೆರೆ, ಸ್ವಾಬನ್ನು ಬೆರಳುಗಳ ನಡುವೆ ನಿಧಾನವಾಗಿ ಉರುಳಿಸುತ್ತ ಎಳೆಯಿರಿ. ಒತ್ತಡ ಸಮನಾಗಿರಬೇಕು, ಇಡೀ ಅಧ್ಯಯನಕ್ಕೆ ಒಬ್ಬರೇ ಸ್ವಾಬ್ ಹಿಡಿಯುವುದು ಮೇಲು. ಹತ್ತಿಯ ತುದಿಗೆ ಮರಳಿನ ಕಣ ಅಂಟತೊಡಗಿದರೆ ಗಾರೆ ಕಿತ್ತುಬರುತ್ತಿದೆ ಎಂದರ್ಥ, ಅಲ್ಲಿಗೇ ನಿಲ್ಲಿಸಿ. ಬಣ್ಣದ ಚಿತ್ತಾರ, ಕಾವಿಯ ಅಲಂಕಾರ, ಬರಹ ಇರುವಲ್ಲಿ ಸ್ವಾಬನ್ನು ತಾಗಿಸಲೇಬೇಡಿ. ತುದಿಯನ್ನು ಟ್ಯೂಬಿನೊಳಗೆ ಮುರಿದು ಮುಚ್ಚಿ, ಪೆನ್ಸಿಲಿನಲ್ಲಿ ಹೆಸರು ಬರೆದು ಪೆಟ್ಟಿಗೆಗೆ ಹಾಕಿ. ಪೆನ್ನಿನ ಮಸಿ ಮಲೆನಾಡಿನ ತೇವಕ್ಕೂ ಆಲ್ಕೊಹಾಲಿಗೂ ಅಳಿಸಿಹೋಗುತ್ತದೆ.

ಪ್ರತಿ ತುಂಡಿನಲ್ಲಿ ಪಕ್ಕಪಕ್ಕದ ಮೂರು ಚೌಕಗಳು ಬೇಕು: ಒಂದು ಡಿಎನ್ಎಗೆ, ಒಂದು ಕ್ಲೋರೊಫಿಲ್ಲಿಗೆ, ಒಂದು ಸೂಕ್ಷ್ಮದರ್ಶಕ ಮತ್ತು ಕೃಷಿಗೆ, ಅಂದರೆ ಜೀವಿಗಳನ್ನು ತಟ್ಟೆಯಲ್ಲಿ ಬೆಳೆಸಿ ನೋಡುವುದಕ್ಕೆ. ಇವುಗಳ ಜೊತೆ ಪ್ರತಿ ಮನೆಯಲ್ಲಿ ಕನಿಷ್ಠ ಎರಡು ಖಾಲಿ ಸ್ವಾಬುಗಳನ್ನು ತೆಗೆಯಿರಿ. ದ್ರವದಲ್ಲಿ ಅದ್ದಿ, ಗಾಳಿಯಲ್ಲಿ ಹಿಡಿದು, ಗೋಡೆಗೆ ತಾಗಿಸದೆ ಟ್ಯೂಬಿಗೆ ಹಾಕಿದವು. ಇವನ್ನು ಬಿಟ್ಟವರು ಕೊನೆಯಲ್ಲಿ ಪಶ್ಚಾತ್ತಾಪಪಡುತ್ತಾರೆ, ಏಕೆಂದರೆ ಒಣ ಗೋಡೆಯ ಮೇಲೆ ಜೀವರಾಶಿ ಅತಿ ಕಡಿಮೆ. ಡಿಎನ್ಎ ಕಿಟ್ಟಿನೊಳಗಿನ ಬ್ಯಾಕ್ಟೀರಿಯಾದ ಕುರುಹುಗಳೇ ಗೋಡೆಯವೆಂದು ಕಾಣಿಸಿಕೊಳ್ಳುತ್ತವೆ. ಮಾದರಿಗಳು ಅದೇ ದಿನ ಪ್ರಯೋಗಾಲಯ ಸೇರಿ, ಡಿಎನ್ಎಯವು ಮೈನಸ್ 20 ಅಥವಾ ಸಾಧ್ಯವಾದರೆ ಮೈನಸ್ 80 ಡಿಗ್ರಿಗೆ ಹೋಗಬೇಕು.

ಸೂಕ್ಷ್ಮದರ್ಶಕ, ಕೃಷಿ, ಕ್ಲೋರೊಫಿಲ್

ದುಬಾರಿ ಪರೀಕ್ಷೆಗೆ ಮೊದಲು ಕಣ್ಣಿನಿಂದ ನೋಡಿ. ಒಂದು ಹನಿಯನ್ನು 400 ಪಟ್ಟು ಹಿಗ್ಗಿಸಿದರೆ, ಹಳದಿ ಕಂದು ಕವಚದೊಳಗೆ ಎರಡು ನಾಲ್ಕಾಗಿ ಕುಳಿತ ಗ್ಲಿಯೊಕ್ಯಾಪ್ಸ, ನೂಲಿನಂತಹ ಲೆಪ್ಟೊಲಿಂಗ್‌ಬಿಯ, ಕಪ್ಪು ಹಕ್ಕಳೆಯಲ್ಲಿ ಸೈಟೊನೀಮ ಇವುಗಳಂತಹವು ಕಾಣಸಿಗಬಹುದು. ಕವಚದ ಕಂದುಬಣ್ಣ ಸೈಟೊನೀಮಿನ್ ಎಂಬ ವಸ್ತುವಿನದು. ಅದು ಬಿಸಿಲಿನ ನೇರಳಾತೀತ ಕಿರಣಗಳನ್ನು ತಡೆಯುವ ಕೊಡೆ. ಹಾಗಾಗಿ ತೊಟ್ಟಿಯ ಅಂಚಿನ ಗೋಡೆ ಕಪ್ಪಾಗಿಯೂ ಒಳಗಿನ ದೀಪದ ಕಲೆ ಹಸಿರಾಗಿಯೂ ಇರುವುದು ಬೆಳಕಿನ ಬಗೆಯ ಬಗ್ಗೆ ನಿಮಗೆ ಸಿಗುವ ಮೊದಲ ಸುಳಿವು.

ಕೃಷಿಗೆ ಎರಡು ಬಗೆಯ ಪೋಷಕ ಮಾಧ್ಯಮ ಸಾಕು: ಸಯನೊಬ್ಯಾಕ್ಟೀರಿಯಾಗಳಿಗೆ ಬಿಜಿ-11, ಉಳಿದವುಗಳಿಗೆ ಆರ್2ಎ ಅಗರ್. ಪೌಷ್ಟಿಕ ಅಗರ್ ಗೋಡೆಯ ಜೀವಿಗಳಿಗೆ ಹಬ್ಬದೂಟ; ಅದರ ಮೇಲೆ ಬೇಗ ತಿನ್ನುವ ಕೆಲವೇ ಬಗೆಗಳು ಹಬ್ಬಿ ಉಳಿದವನ್ನು ಮುಚ್ಚುತ್ತವೆ. ಬಿಜಿ-11 ತಟ್ಟೆಗಳನ್ನು ಮಂದ ಬೆಳಕಿನಲ್ಲಿಟ್ಟು ನಾಲ್ಕರಿಂದ ಆರು ವಾರ ಕಾಯಬೇಕು. ಕೃಷಿಯಲ್ಲಿ ಬೆಳೆಯುವುದು ಗೋಡೆಯಲ್ಲಿರುವುದರ ಒಂದು ಪಾಲು ಮಾತ್ರ ಎಂಬುದು ನೆನಪಿರಲಿ.

ಕ್ಲೋರೊಫಿಲ್ ಅಳತೆ ಅಗ್ಗ ಮತ್ತು ನಂಬಲರ್ಹ. ಸ್ವಾಬ್ ತುದಿಯನ್ನು 2 ಮಿಲಿಲೀಟರ್ ಮೆಥನಾಲಿನಲ್ಲಿ, ಕತ್ತಲೆಯಲ್ಲಿ, 4 ಡಿಗ್ರಿಯಲ್ಲಿ ಒಂದು ರಾತ್ರಿ ಇಟ್ಟು, ಸೆಂಟ್ರಿಫ್ಯೂಜ್ ಮಾಡಿ, ತಿಳಿಯನ್ನು 665 ಮತ್ತು 720 ನ್ಯಾನೋಮೀಟರಿನಲ್ಲಿ ಓದಿ. ಎರಡರ ವ್ಯತ್ಯಾಸವನ್ನು 12.9447ರಿಂದ ಗುಣಿಸಿದರೆ ಮಿಲಿಲೀಟರಿಗೆ ಎಷ್ಟು ಮೈಕ್ರೊಗ್ರಾಂ ಕ್ಲೋರೊಫಿಲ್-ಎ ಎಂಬುದು ಬರುತ್ತದೆ. ವ್ಯತ್ಯಾಸ 0.05 ಆದರೆ 0.65 ಮೈಕ್ರೊಗ್ರಾಂ, ಎರಡು ಮಿಲಿಲೀಟರಿಗೆ 1.3, ಅದನ್ನು 25 ಚದರ ಸೆಂಟಿಮೀಟರಿಗೆ ಹಂಚಿದರೆ ಚದರ ಸೆಂಟಿಮೀಟರಿಗೆ 0.05 ಮೈಕ್ರೊಗ್ರಾಂ ಆಸುಪಾಸು. ಈ ಸೂತ್ರ ಸಯನೊಬ್ಯಾಕ್ಟೀರಿಯಾಗಳಿಗಾಗಿ ಮಾಡಿದ್ದು. ಹಸಿರು ಪಾಚಿ ಹೆಚ್ಚಿದ್ದರೆ ಅದರ ಕ್ಲೋರೊಫಿಲ್-ಬಿ ಲೆಕ್ಕವನ್ನು ಸ್ವಲ್ಪ ಕೆಡಿಸುತ್ತದೆ. ಮೆಥನಾಲ್ ವಿಷ, ಹೊಗೆಗೂಡಿನೊಳಗೆ ಮಾತ್ರ ಬಳಸಿ.

ಡಿಎನ್ಎ ಮತ್ತು ಅದರ ಲೆಕ್ಕ

ಮಣ್ಣಿನ ಮಾದರಿಗಾಗಿ ಮಾಡಿದ ಕಿಟ್ ಬಳಸಿ. ಸಯನೊಬ್ಯಾಕ್ಟೀರಿಯಾಗಳ ಲೋಳೆಕವಚ ಗಟ್ಟಿ. ಗಾಜಿನ ಮಣಿಗಳಿಂದ ಕುಲುಕುವ ಹಂತವನ್ನು ಅವಸರದಲ್ಲಿ ಮೊಟಕು ಮಾಡಿದರೆ ಬೆಳಕಿನ ತುಂಡಿನ ಮುಖ್ಯ ನಿವಾಸಿಗಳೇ ಲೆಕ್ಕದಿಂದ ಜಾರಿಹೋಗುತ್ತವೆ. ಬ್ಯಾಕ್ಟೀರಿಯಾಗಳ ಗುರುತು ಹಿಡಿಯಲು ಬಳಸುವ 16ಎಸ್ ವಂಶವಾಹಿಯ ವಿ4 ಭಾಗವನ್ನು 515ಎಫ್ ಮತ್ತು 806ಆರ್ ಪ್ರೈಮರುಗಳಿಂದ (ಆ ಭಾಗಕ್ಕೆ ಅಂಟುವ ಚಿಕ್ಕ ಡಿಎನ್ಎ ತುಣುಕುಗಳಿಂದ) ಹೆಚ್ಚಿಸಿ, ಅನುಕ್ರಮಣಿಕೆಗೆ ಹೊರಗಿನ ಸಂಸ್ಥೆಗೆ ಕಳುಹಿಸುವುದು ಸಾಮಾನ್ಯ ದಾರಿ. ಖಾಲಿ ಸ್ವಾಬುಗಳನ್ನೂ, ಕಿಟ್ಟಿನ ಖಾಲಿ ಟ್ಯೂಬನ್ನೂ ಮಾದರಿಗಳ ಜೊತೆಗೇ ಕಳುಹಿಸಿ.

ದತ್ತಾಂಶ ಬಂದಾಗ ಕ್ಯೂಐಐಎಂಇ-2 ತಂತ್ರಾಂಶದಲ್ಲಿ ಡಾಡಾ-2 ಮೂಲಕ ಓದಿನ ತಪ್ಪುಗಳನ್ನು ಶುಚಿಗೊಳಿಸಿ, ಸಿಲ್ವಾ ಎಂಬ ವಂಶವಾಹಿ ಸಂಗ್ರಹದೊಂದಿಗೆ ಹೋಲಿಸಿ ಹೆಸರು ಕೊಡಿ. ಇಲ್ಲಿ ಬೆಳಕಿನ ಅಧ್ಯಯನಕ್ಕೇ ವಿಶೇಷವಾದ ಒಂದು ಗುಂಡಿ ಇದೆ. ಪಾಚಿಯ ಹರಿತ್ತಿನ ಕಣ, ಅಂದರೆ ಕ್ಲೋರೊಪ್ಲಾಸ್ಟ್, ಮೂಲತಃ ಸಯನೊಬ್ಯಾಕ್ಟೀರಿಯಾದ ವಂಶದ್ದು; ಅದರ 16ಎಸ್ ಕೂಡ ಅದೇ ಪ್ರೈಮರಿಗೆ ಸಿಕ್ಕಿ, ಪಟ್ಟಿಯಲ್ಲಿ ಸಯನೊಬ್ಯಾಕ್ಟೀರಿಯಾದ ಕೆಳಗೇ ಬರುತ್ತದೆ. ಅದನ್ನು ಬೇರೆ ಮಾಡದೆ "ದೀಪದ ಕೆಳಗೆ ಸಯನೊಬ್ಯಾಕ್ಟೀರಿಯಾ ಹೆಚ್ಚಿತು" ಎಂದು ಬರೆದರೆ, ಹೆಚ್ಚಿದ್ದು ಹಸಿರು ಪಾಚಿಯಾಗಿರಬಹುದು. ಕ್ಲೋರೊಪ್ಲಾಸ್ಟ್ ಸಾಲುಗಳನ್ನು ಎಣಿಸಿ ಪ್ರತ್ಯೇಕವಾಗಿ ಬರೆದಿಟ್ಟು, ಆಮೇಲೆ ಪಟ್ಟಿಯಿಂದ ತೆಗೆಯಿರಿ. ಮೈಟೊಕಾಂಡ್ರಿಯದ ಸಾಲುಗಳನ್ನೂ ತೆಗೆಯಬೇಕು.

ಎರಡನೆಯ ಎಚ್ಚರಿಕೆ ಶೇಕಡಾವಾರಿನದು. ಕತ್ತಲೆಯ ತುಂಡಿನಲ್ಲಿ ಚದರ ಸೆಂಟಿಮೀಟರಿಗೆ 1,000 ಸಾಧಾರಣ ಬ್ಯಾಕ್ಟೀರಿಯಾ ಇವೆಯೆಂದುಕೊಳ್ಳಿ. ಬೆಳಕಿನ ತುಂಡಿನಲ್ಲಿಯೂ ಅವೇ 1,000, ಜೊತೆಗೆ 1,000 ಸಯನೊಬ್ಯಾಕ್ಟೀರಿಯಾ. ಸಾಧಾರಣ ಬ್ಯಾಕ್ಟೀರಿಯಾಗಳ ಪಾಲು ನೂರರಿಂದ ಐವತ್ತಕ್ಕೆ ಇಳಿದಂತೆ ಪಟ್ಟಿ ತೋರಿಸುತ್ತದೆ, ಆದರೆ ಗೋಡೆಯ ಮೇಲೆ ಒಂದೂ ಕಡಿಮೆಯಾಗಿಲ್ಲ. ಆದ್ದರಿಂದ ವಂಶವಾಹಿಯ ಪ್ರತಿಗಳನ್ನು ಎಣಿಸುವ ಕ್ಯೂಪಿಸಿಆರ್‌ನಿಂದ ಒಟ್ಟು ಸಂಖ್ಯೆಯನ್ನು ಅಂದಾಜು ಮಾಡದೆ "ಬೆಳಕು ಇವನ್ನು ಕಡಿಮೆ ಮಾಡಿತು" ಎಂದು ಬರೆಯಬಾರದು. ಸತ್ತ ಕೋಶಗಳ ಡಿಎನ್ಎ ಕೂಡ ಗೋಡೆಯಲ್ಲಿ ಉಳಿದಿರುತ್ತದೆ ಎಂಬುದನ್ನು ಸೇರಿಸಿ ಓದಬೇಕು. ಸಮುದಾಯಗಳ ಹೋಲಿಕೆಗೆ ಬ್ರೇ-ಕರ್ಟಿಸ್ ಅಂತರ (ಎರಡು ಸಮುದಾಯಗಳು ಎಷ್ಟು ಬೇರೆ ಎಂಬ ಅಳತೆ) ಮತ್ತು ಮೇಲೆ ಹೇಳಿದ ಅದಲುಬದಲಿನ ಬಗೆಯ ಪರ್ಮನೋವಾ ಪರೀಕ್ಷೆ ಬಳಸಿ, ಅದಲುಬದಲು ಜೋಡಿಯೊಳಗೇ ನಡೆಯುವಂತೆ ನಿರ್ಬಂಧಿಸಿ. ತೇವದ ಅಂಕಿಯನ್ನು ಅದೇ ಪರೀಕ್ಷೆಯ ಲೆಕ್ಕಕ್ಕೆ, ಬೆಳಕಿಗಿಂತ ಮೊದಲು ಸೇರಿಸಿ. ತೇವ ವಿವರಿಸಿದ ಮೇಲೂ ಬೆಳಕಿಗೆ ಏನಾದರೂ ಉಳಿದರೆ ಅದು ಬೆಳಕಿನದು.

ಬಣ್ಣದ ಪ್ರಶ್ನೆಗೆ ಪೆಟ್ಟಿಗೆಯ ಪ್ರಯೋಗ

ಸುಣ್ಣ ಒಂದು ಪಾಲು, ಮರಳು ಮೂರು ಪಾಲು ಕಲಸಿ ಐದು ಸೆಂಟಿಮೀಟರಿನ ಬಿಲ್ಲೆಗಳನ್ನು ಎರೆದು, ಮೈಯ ಪಿಎಚ್ 9ರ ಹತ್ತಿರ ಇಳಿಯುವವರೆಗೆ ವಾರಗಟ್ಟಲೆ ಗಾಳಿಗೆ ಬಿಡಿ. ಮನೆಗಳಿಂದ ತಂದ ಮಾದರಿಗಳ ಮಿಶ್ರಣವನ್ನು ಎಲ್ಲ ಬಿಲ್ಲೆಗಳಿಗೂ ಒಂದೇ ಅಳತೆಯಲ್ಲಿ ಹನಿಸಿ, ಮುಚ್ಚಿದ ಪೆಟ್ಟಿಗೆಗಳಲ್ಲಿ ಬಿಳಿ, ನೀಲಿ, ಹಸಿರು, ಕೆಂಪು ಎಲ್‌ಇಡಿ ಮತ್ತು ಪೂರ್ಣ ಕತ್ತಲೆಯಲ್ಲಿಡಿ. ಎಲ್ಲ ಬಣ್ಣಗಳಲ್ಲಿಯೂ ಫೋಟಾನುಗಳ ಎಣಿಕೆ ಸಮನಾಗಿರಲಿ, ಚದರ ಮೀಟರಿಗೆ ಸೆಕೆಂಡಿಗೆ 10 ಮೈಕ್ರೊಮೋಲ್, ದಿನಕ್ಕೆ 12 ಗಂಟೆ. ಇಲ್ಲಿ ಲಕ್ಸ್ ಸಮ ಮಾಡಲು ಹೋದರೆ ಪ್ರಯೋಗವೇ ತಲೆಕೆಳಗಾಗುತ್ತದೆ. ಹಸಿರು ಪೆಟ್ಟಿಗೆಗೆ ತೀರ ಕಡಿಮೆ, ನೀಲಿ ಪೆಟ್ಟಿಗೆಗೆ ತೀರ ಹೆಚ್ಚು ಫೋಟಾನು ಸಿಗುತ್ತದೆ. ಎರಡು ದಿನಕ್ಕೊಮ್ಮೆ ಬಿಲ್ಲೆಗಳನ್ನು ತೂಗಿ, ಕಳೆದ ತೂಕದಷ್ಟೇ ನೀರನ್ನು ಅಡಿಯಿಂದ ಕೊಡಿ. ಪ್ರತಿ ಬಣ್ಣಕ್ಕೆ ಒಂದಕ್ಕಿಂತ ಹೆಚ್ಚು ಪೆಟ್ಟಿಗೆ ಬೇಕು, ಏಕೆಂದರೆ ಇಲ್ಲಿ ಘಟಕ ಪೆಟ್ಟಿಗೆ, ಬಿಲ್ಲೆಯಲ್ಲ. ಹನ್ನೆರಡು ವಾರಕ್ಕೆ ಮೇಲಿನ ಪರೀಕ್ಷೆಗಳನ್ನೇ ಮಾಡಿ.

ಹಸಿರು ದೀಪ ಹಾಕಿದರೆ ಹಸಿರು ಬೆಳೆಯದು ಎಂಬ ಮಾತನ್ನು ಪರೀಕ್ಷಿಸದೆ ಒಪ್ಪಬೇಡಿ. ಹಸಿರು ಪಾಚಿ ಹಸಿರು ಬೆಳಕನ್ನು ಕಡಿಮೆ ಹೀರುತ್ತದೆ ನಿಜ, ಆದರೆ ಫೈಕೊಎರಿತ್ರಿನ್ ಇರುವ ಸಯನೊಬ್ಯಾಕ್ಟೀರಿಯಾಗೆ ಅದು ಊಟ. ಕೆಂಪಿನಾಚೆಯ, 700 ನ್ಯಾನೋಮೀಟರ್ ಮೀರಿದ ಬೆಳಕನ್ನೂ ಕೆಲವು ಸಯನೊಬ್ಯಾಕ್ಟೀರಿಯಾಗಳು 2010ರಲ್ಲಿ ಪತ್ತೆಯಾದ ಕ್ಲೋರೊಫಿಲ್-ಎಫ್ ಮೂಲಕ ಬಳಸಿಕೊಳ್ಳಬಲ್ಲವು.

ಮನೆಯವರಿಗೆ ಹೇಳಬೇಕಾದದ್ದು

ಫಲಿತಾಂಶ ಬಂದ ಮೇಲೆ ಬೆಳಕಿನ ನಕ್ಷೆ ಮತ್ತು ನೀರಿನ ನಕ್ಷೆಯ ಒಂದೊಂದು ಪ್ರತಿಯನ್ನು ಕನ್ನಡದಲ್ಲಿ ಬರೆದು ಮನೆಯ ಯಜಮಾನರಿಗೆ ಕೊಡಿ. ಕಲೆಯನ್ನು ಬ್ಲೀಚಿಂಗ್ ಪುಡಿಯಿಂದ ಉಜ್ಜುವುದನ್ನು ತಡೆಯಿರಿ. ಕ್ಲೋರಿನ್ನಿನ ಲವಣಗಳು ಗಾರೆಯೊಳಗೆ ಸೇರಿ, ಒಣಗಿದಾಗ ಹರಳುಗಟ್ಟಿ ಗಾರೆಯನ್ನು ಉದುರಿಸುತ್ತವೆ. ಮೊದಲು ಸೋರಿಕೆಯನ್ನು ಸರಿಮಾಡಿಸಿ. ಅನಂತರ ದೀಪವನ್ನು ಗೋಡೆಯಿಂದ ದೂರ ಸರಿಸುವುದು, ಗೋಡೆಯ ಬದಲು ನೆಲಕ್ಕೆ ತಿರುಗಿಸುವುದು, ಜನರಿದ್ದಾಗ ಮಾತ್ರ ಹೊತ್ತುವ ಸೆನ್ಸರ್ ಹಾಕಿಸುವುದು ಈ ಕ್ರಮದಲ್ಲಿ ಯೋಚಿಸಬಹುದು. ಒಂದು ಸಲಕ್ಕೆ ಒಂದೇ ಬದಲಾವಣೆ ಮಾಡಿಸಿ, ಮುಂದಿನ ನವೆಂಬರಿನಲ್ಲಿ ಅದೇ ಚೌಕಟ್ಟು, ಅದೇ ಬಣ್ಣದ ಕಾರ್ಡು ಹಿಡಿದು ಅದೇ ಜಾಗದ ಫೋಟೊ ತೆಗೆಯಿರಿ.

ಸಕಲೇಶಪುರದ ಆ ಮನೆಯಲ್ಲಿ ಒಡೆದ ಹಂಚನ್ನು ಬದಲಾಯಿಸಿ, ಪೈಪಿನ ಬಾಯಿ ಮುಚ್ಚಿಸಿ, ದೀಪವನ್ನು ಮಾತ್ರ ಹಾಗೆಯೇ ಬಿಡಿಸಿದೆವು. ಮರುವರ್ಷದ ಗೌರಿ ಹಬ್ಬಕ್ಕೆ ಕಲೆ ಬಂದಿತ್ತು, ಆದರೆ ಅಂಗೈಯಗಲ ಇದ್ದದ್ದು ಎರಡು ಬೆರಳಿನಷ್ಟಾಗಿ, ಲೋಳೆ ಇಲ್ಲದೆ, ಗಾರೆಯ ಕುಳಿಗಳಲ್ಲಿ ಎಳೆಹಸಿರು ಚುಕ್ಕೆಗಳಾಗಿ ಕುಳಿತಿತ್ತು. ಅದಕ್ಕೆ ಸುಣ್ಣ ಬಳಿಯಬೇಡಿ ಎಂದು ಅಜ್ಜಿಯನ್ನು ಕೇಳಿಕೊಂಡು, ಅಲ್ಲಿಂದಲೇ ಎರಡನೆಯ ಅಧ್ಯಯನದ ಮೊದಲ ಜೋಡಿಯನ್ನು ಗುರುತು ಹಾಕಿದೆ.